ಕಣಿಕಿ ಮಶೀನಿನ ಮುಂದೆ ಕೈ ಜೋಪಾನ



ಹೋದ ಸಂಚಿಕೆಯಲ್ಲಿ ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಅಂತ ಅಡಿಗೆಮನೆಯಲ್ಲೇ ಸುತ್ತಾಡಿದೆವು. ಈ ಸಲ ಹಿತ್ತಲ ಬಾಗಿಲು ತೆರೆದು ದನದ ಕೊಟ್ಟಿಗೆಗೆ ಬನ್ನಿ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಗ್ಯಾಸಿನ ಒಲೆ ಇವುಗಳ ಜೋಪಾನದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆದರೆ ನಮ್ಮ ಕಡೆ ಹೆಂಗಸರು ದಿನಕ್ಕೆ ಎರಡು ಹೊತ್ತು ಮುಟ್ಟುವ, ಮನೆಯಲ್ಲೇ ಎಲ್ಲಕ್ಕಿಂತ ದೊಡ್ಡ ಅಲಗಿರುವ ಯಂತ್ರದ ಬಗ್ಗೆ ಬರೆದದ್ದನ್ನು ನಾನು ಕಂಡಿಲ್ಲ. ಅದೇ ಮೇವು ಕತ್ತರಿಸುವ ಯಂತ್ರ. ಕಾಗವಾಡಕ್ಕೆ ಮಿರಜ ಹತ್ತಿರ; ಹಾಗಾಗಿ ನಮ್ಮಲ್ಲಿ ಅದಕ್ಕೆ ಮರಾಠಿಯ ‘ಕಡಬಾ ಕುಟ್ಟಿ’ ಅಂತಲೇ ಹೆಸರು.

ನನ್ನ ನೆಗೆಣ್ಣಿಯ ಬಲಗೈಯ ಎರಡು ಬೆರಳಿಗೆ ತುದಿಯಿಲ್ಲ. ನಾಲ್ಕು ವರ್ಷದ ಹಿಂದೆ, ಕಬ್ಬು ಕಡಿಯುವ ದಿನಗಳು. ಸೋಗೆ ಹಸಿಯಾಗಿತ್ತು, ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಕರೆಂಟ್ ಹೋಯಿತು. “ಅಕ್ಕಾರ, ಕರೆಂಟ್ ಹೋತ್ರಿ” ಅಂದಳು. “ಹೋಗ್ಲಿ ಬಿಡ, ಅಷ್ಟರಾಗ ಸಿಕ್ಕಿದ್ದನ್ನ ತಗದಬಿಡು” ಅಂದವಳು ನಾನೇ. ಸ್ವಿಚ್ಚು ಹಾಕಿದ್ದು ಹಾಕಿದ ಹಾಗೇ ಇತ್ತು. ಚಕ್ರದ ಮುಚ್ಚಳ ಸರಿಸಿ ಅವಳು ಕೈ ಹಾಕಿದಳು, ಕರೆಂಟ್ ಬಂತು. ಮುಂದಿನದನ್ನು ಬರೆಯಲಾರೆ.

ಕರೆಂಟ್ ಹೋದಾಗ ಯಂತ್ರ ನಿಂತಿತು ಅಂತ ನಾವು ತಿಳಿಯುತ್ತೇವೆ. ಅದು ನಿಂತಿರುವುದಿಲ್ಲ, ಕಾಯುತ್ತಿರುತ್ತದೆ. ಗೋಡೆಯ ಸಾದಾ ಸ್ವಿಚ್ಚಿಗೆ ಜೋಡಿಸಿದ ಮೋಟರು ಕರೆಂಟ್ ಬಂದ ಕೂಡಲೇ ತಾನಾಗಿ ತಿರುಗುತ್ತದೆ. ಇದನ್ನು ತಡೆಯಲು ಸ್ಟಾರ್ಟರ್ ಎಂಬ ಪೆಟ್ಟಿಗೆ ಇದೆ. ಕರೆಂಟ್ ಹೋದೊಡನೆ ಅದರೊಳಗಿನ ಸುರುಳಿ ಹಿಡಿತ ಬಿಡುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವ ತನಕ ಮೋಟರು ಏಳದು. ಹೊಲದ ಪಂಪಿಗೆ ಗಂಡಸರು ‘ಆಟೋ’ ಅಂತ ಒಂದು ಜೋಡಿಸುತ್ತಾರಲ್ಲ, ರಾತ್ರಿ ಎದ್ದು ಹೋಗುವ ಕಷ್ಟ ತಪ್ಪಲಿ ಅಂತ, ಅದನ್ನು ಮಾತ್ರ ಮೇವಿನ ಯಂತ್ರಕ್ಕೆ ಖಂಡಿತ ಹಾಕಗೊಡಬೇಡಿ. ಪಂಪಿನೊಳಗೆ ಯಾರೂ ಕೈ ಹಾಕುವುದಿಲ್ಲ.

ಸ್ಟಾರ್ಟರ್ ಇದ್ದರೂ ಕೈ ಒಳಗೆ ಹೋಗುವ ಮುಂಚೆ ಪ್ಲಗ್ಗು ಹೊರಗೆ ಬರಬೇಕು. ಬಂದ್ ಮಾಡಿದ ಮೇಲೂ ಭಾರದ ಚಕ್ರ ಒಂದಿಷ್ಟು ಹೊತ್ತು ಸದ್ದಿಲ್ಲದೆ ತಿರುಗುತ್ತಿರುತ್ತದೆ; ಅದು ಪೂರಾ ನಿಂತದ್ದನ್ನು ಕಣ್ಣಾರೆ ನೋಡಿ, ಕಿವಿಯನ್ನು ನಂಬಬೇಡಿ. ಸಿಕ್ಕಿದ್ದನ್ನು ತೆಗೆಯಲು ಕಟ್ಟಿಗೆಯ ಕೋಲು ಬಳಸಿ. ಹಿಂದಕ್ಕೆ ತಿರುಗಿಸುವ ಹಿಡಿಕೆ ಇರುವ ಯಂತ್ರವಾದರೆ ಇನ್ನೂ ಒಳ್ಳೆಯದು, ಉರುಳೆಗಳು ನುಂಗಿದ್ದನ್ನು ತಾವೇ ಉಗುಳುತ್ತವೆ. ಕೊಳ್ಳುವಾಗ ನೂರಿನ್ನೂರು ರೂಪಾಯಿ ಚೌಕಾಶಿ ಮಾಡುವ ಬದಲು ಈ ಹಿಡಿಕೆ ಇದೆಯೇ ಅಂತ ಕೇಳಿ.

ಹೊಸದಾಗಿ ಕೂರಿಸುವಾಗ ನೆಲ ಗಟ್ಟಿಯಿರಬೇಕು. ಬರೀ ಮಣ್ಣಿನ ಮೇಲೆ ಇಟ್ಟರೆ ನಡುಗಿ ನಡುಗಿ ಬೋಲ್ಟು ಸಡಿಲಾಗುತ್ತವೆ. ಸಿಮೆಂಟಿನ ಕಟ್ಟೆ ಮಾಡಿ ನಾಲ್ಕೂ ಕಾಲು ಬಿಗಿಸಿ. ಸ್ವಿಚ್ಚು ಮೇವು ಹಾಕುವವಳು ನಿಂತಲ್ಲಿಂದಲೇ ಕೈಗೆ ಎಟುಕಬೇಕು. ನಮ್ಮ ಮನೆಯಲ್ಲಿ ಅದು ಬಾಗಿಲಾಚೆ ಇತ್ತು, ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. 2 ಎಚ್‌ಪಿ ಮೋಟರು ಪೂರ್ಣ ಭಾರದಲ್ಲಿ 1,500 ವಾಟ್‌ಗಿಂತ ಹೆಚ್ಚೇ ಎಳೆಯುತ್ತದೆ. ಟೇಬಲ್ ಫ್ಯಾನಿನ ಪ್ಲಗ್ಗಿಗೆ ಇದನ್ನು ಹಾಕಬಾರದು, 16 ಆಂಪಿಯರಿನ ಮೂರು ಕಡ್ಡಿಯ ಪ್ಲಗ್ಗೇ ಬೇಕು. ಕೊಟ್ಟಿಗೆ ಎಂದರೆ ಗಂಜಲ, ನೀರು, ಬರಿಗಾಲು. ಆದ್ದರಿಂದ ಅರ್ಥಿಂಗ್ ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಬ್ರೇಕರನ್ನು ತಿಳಿದ ಎಲೆಕ್ಟ್ರಿಶಿಯನ್ನಿಂದ ಹಾಕಿಸಿ. ತ್ರೀ ಫೇಸ್ ಮೋಟರಾದರೆ ಎರಡು ತಂತಿ ಅದಲುಬದಲಾದರೂ ಸಾಕು, ಚಕ್ರ ಹಿಂದುಮುಂದಾಗಿ ತಿರುಗುತ್ತದೆ. ಚಕ್ರದ ಮೇಲಿನ ಬಾಣದ ಗುರುತು ಇರುವುದು ಅದಕ್ಕೇ.

ಮೇವು ಜಾರಿ ಹೋಗುವ ತೊಟ್ಟಿ ಉದ್ದವಿರಲಿ, ಉರುಳೆಯ ಕಡೆ ಮೇಲೆ ಮುಚ್ಚಿರಲಿ. ರಾಶಿ ಮಾಡುವ ಯಂತ್ರಗಳಲ್ಲಿ ಕೈ ಹೋಗುವುದನ್ನು ಕಂಡು ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಮಾಡಿತು. ಆ ಯಂತ್ರಗಳ ತೊಟ್ಟಿಗೆ 90 ಸೆಂಟಿಮೀಟರ್ ಉದ್ದ, ಅದರಲ್ಲಿ 45 ಮುಚ್ಚಿರಬೇಕು ಎಂಬ ಮಾನದಂಡವಿದೆ. ತೋಳು ಎಷ್ಟುದ್ದ ಎಂಬ ಲೆಕ್ಕವೇ ಅದು. ನಮ್ಮ ಮೇವಿನ ಯಂತ್ರಕ್ಕೂ ಅದೇ ಅಳತೆಯಿಂದ ನಾವು ತಗಡು ಹೊಡೆಸಿದೆವು. ದಿಲ್ಲಿ ಐಐಟಿಯ ದಿನೇಶ ಮೋಹನ್ ಮತ್ತು ಸಂಗಡಿಗರು ಉತ್ತರ ಭಾರತದ ಹಳ್ಳಿಗಳಲ್ಲಿ ಇಂಥ ಗಾಯಗಳನ್ನು ಅಭ್ಯಾಸ ಮಾಡಿದ್ದರು. ಕೈಚಕ್ರದ ಯಂತ್ರದಲ್ಲಿ ಆಡಲು ಹೋದ ಮಕ್ಕಳ ಬೆರಳೂ ಹೋಗುತ್ತಿದ್ದವು. ಅಲಗಿಗೆ ಅಡ್ಡ ತಗಡು, ಚಕ್ರ ತಿರುಗದಂತೆ ಒಂದು ಪಿನ್ನು, ಇಷ್ಟು ಅಗ್ಗದ ಉಪಾಯ ಅವರು ಹೇಳಿದ್ದು. ಕೆಲಸ ಮುಗಿದ ಮೇಲೆ ನಮ್ಮ ಚಕ್ರಕ್ಕೂ ಈಗ ಸರಪಳಿ, ಕೀಲಿ.

ಇನ್ನು ಅಲಗು. ಕಣಿಕಿ ಚಕ್ಕನೆ ಕತ್ತರಿಸದೆ ಜಜ್ಜಿ ಬರತೊಡಗಿದರೆ ಅಲಗು ಮೊಂಡಾಗಿದೆ. ಮೊಂಡಾದ ಅಲಗೇ ಹೆಚ್ಚು ಸಿಕ್ಕಿಕೊಳ್ಳುವುದು, ಸಿಕ್ಕಿಕೊಂಡಾಗಲೇ ಕೈ ಒಳಗೆ ಹೋಗುವುದು. ಎರಡೂ ಅಲಗನ್ನು ಒಟ್ಟಿಗೇ ಬಿಚ್ಚಿ ಸಮನಾಗಿ ಹಿರಿಸಿ. ಒಂದನ್ನೇ ಹಿರಿಸಿದರೆ ತೂಕ ತಪ್ಪಿ ಚಕ್ರ ಒದರುತ್ತದೆ. ಮತ್ತೆ ಜೋಡಿಸಿದ ಮೇಲೆ ಪ್ಲಗ್ಗು ಹಾಕುವ ಮುಂಚೆ ಹೊರ ಅಂಚು ಹಿಡಿದು ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಅಲಗು ಕೆಳಗಿನ ಪಟ್ಟಿಗೆ ತಾಗಬಾರದು, ನಡುವೆ ಹಿಡಿದ ಕಾಗದ ಮಾತ್ರ ಕತ್ತರಿಸಬೇಕು. ಕಾಗದ ಉದ್ದನೆಯದಿರಲಿ, ಬೆರಳು ದೂರವಿರಲಿ. ಬೋಲ್ಟು ಸವೆದಿದ್ದರೆ ಸಿಕ್ಕಿದ್ದನ್ನು ತುರುಕದೆ ಅದೇ ಜಾತಿಯ ಹೊಸದನ್ನೇ ತನ್ನಿ; ತಿರುಗುವಾಗ ಕಳಚಿದ ಅಲಗು ತಗಡನ್ನೂ ಸೀಳಿಕೊಂಡು ಹೋಗುತ್ತದೆ. ಹಲ್ಲುಗಾಲಿಗೆ ಗ್ರೀಸು, ಪಟ್ಟಾದ ಮೇಲೆ ಜಾಳಿಗೆ, ಇವು ನಿಮಗೆ ಗೊತ್ತೇ ಇವೆ. ಸಿವುಡು ಕಟ್ಟಿದ ತಂತಿ, ಪ್ಲಾಸ್ಟಿಕ್ ಹಗ್ಗ ಬಿಚ್ಚಿ ತೆಗೆಯಿರಿ. ತಂತಿಯ ಚೂರು ಅಲಗಿಗೂ ಕೇಡು, ಎಮ್ಮೆಯ ಹೊಟ್ಟೆಗೂ ಕೇಡು.

ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ. ಹಸಿರು ಬಳೆ ತೆಗಿಬಾರದು ಅಂತ ನಮ್ಮತ್ತಿಯವರ ಹಟ. ತೆಗೆಯುವುದು ಬೇಡ, ಮೇಲಕ್ಕೇರಿಸಿ ತುಂಬುತೋಳಿನ ಬಿಗಿ ಕುಪ್ಪಸದೊಳಗೆ ಸೇರಿಸಿಬಿಟ್ಟರಾಯಿತು, ಅವರೂ ಸುಮ್ಮನಾದರು. ಕೈಚೀಲ ಮಾತ್ರ ಹಾಕಬೇಡಿ, ಉರುಳೆ ಅದನ್ನು ಹಿಡಿದೇ ಕೈ ಎಳೆಯುತ್ತದೆ.

ಆಗಬಾರದ್ದು ಆಗಿಯೇ ಹೋದರೆ ಅರಿಷಿಣ, ಕಾಫಿಪುಡಿ ತುಂಬಬೇಡಿ. ಅವತ್ತು ನಾವು ಅದನ್ನೇ ಮಾಡಿದ್ದು. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಬರ್ಫದ ಮೇಲಿಡಿ. ಬೆರಳಿಗೆ ಬರ್ಫ ನೇರ ತಾಗಬಾರದು. ಬೇಗ ಮುಟ್ಟಿದರೆ ಕೆಲವೊಮ್ಮೆ ಜೋಡಿಸಲು ಬರುತ್ತದೆ. ನಾವು ಹುಡುಕಲೇ ಇಲ್ಲ, ಮೇವಿನಲ್ಲೇ ಹೋಯಿತು.

ಆರು ತಿಂಗಳು ಅವಳು ರೊಟ್ಟಿ ಬಡಿಯಲಿಲ್ಲ. ಈಗ ಬಡಿಯುತ್ತಾಳೆ, ಅಂಚು ಸ್ವಲ್ಪ ದಪ್ಪ ಉಳಿಯುತ್ತದೆ. ಅಲಗು ಬಿಚ್ಚುವ ದಿನ ಯಾರು ಏನೇ ಅಂದರೂ ಪ್ಲಗ್ಗನ್ನು ಅವಳೇ ಕಿತ್ತು, ಕೈಯಲ್ಲಿ ಹಿಡಿದು, ಕೆಲಸ ಮುಗಿಯುವ ತನಕ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿರುತ್ತಾಳೆ.