ಬೀಗ ತೆಗೆಯಬೇಕಾದದ್ದು ಪಾತ್ರವೋ, ಆಟಗಾರನೋ?

ರೋಲ್‌ಪ್ಲೇಯಿಂಗ್ ವಿಡಿಯೊ ಗೇಮ್ ಆಡುವವರ ನಡುವೆ ಬಗೆಹರಿಯದ ಹಳೆಯ ಜಗಳವೊಂದಿದೆ. ಮುಚ್ಚಿದ ಪೆಟ್ಟಿಗೆಯ ಮುಂದೆ ಪಾತ್ರ ನಿಂತಿದೆ, ಕೀಲಿ ಇಲ್ಲ. ಕೆಲವು ಗೇಮ್‌ಗಳಲ್ಲಿ ಆಗ ಬೇರೊಂದು ಪರದೆ ತೆರೆದುಕೊಳ್ಳುತ್ತದೆ. ಬೀಗದೊಳಗಿನ ಪಿನ್ನುಗಳನ್ನು ನಾವೇ ಎತ್ತಬೇಕು, ಕಂಪ್ಯೂಟರ್ ಆದರೆ ಪಾಸ್‌ವರ್ಡ್ ನಾವೇ ಊಹಿಸಬೇಕು. ಇನ್ನು ಕೆಲವು ಗೇಮ್‌ಗಳು ಪಾತ್ರದ ಪರಿಣತಿಗೆ ಎಷ್ಟು ಅಂಕ ಇದೆ ಎಂದು ನೋಡಿ, ದಾಳ ಉರುಳಿಸಿ, ಫಲಿತಾಂಶ ಹೇಳಿಬಿಡುತ್ತವೆ. ಆಟದೊಳಗಿನ ಈ ಮಿನಿಗೇಮ್ ಬೇಕೇ, ಬೇಡವೇ? ಎರಡೂ ಪಕ್ಷದವರ ವಾದ ಇಲ್ಲಿದೆ.

ಪರ: ಕಳ್ಳತನ ಕೈಗೆ ತಿಳಿಯಬೇಕು

ಕತ್ತಿ ಬೀಸಲು ಬಟನ್ ಒತ್ತುತ್ತೇವೆ, ಬಾಣ ಬಿಡಲು ಗುರಿ ಹಿಡಿಯುತ್ತೇವೆ, ಕುದುರೆಯನ್ನು ನಾವೇ ಓಡಿಸುತ್ತೇವೆ. ಆಗೆಲ್ಲ ‘ಇದು ಪಾತ್ರದ ಕೆಲಸ, ನನ್ನದಲ್ಲ’ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಬೀಗದ ಮುಂದೆ ಮಾತ್ರ ಈ ಮಡಿ ಏಕೆ?

1998ರ ‘ಥೀಫ್: ದಿ ಡಾರ್ಕ್ ಪ್ರಾಜೆಕ್ಟ್’ ನೋಡಿ. ಅದನ್ನು ರೋಲ್‌ಪ್ಲೇಯಿಂಗ್ ಎನ್ನಬಹುದೇ ಎಂಬ ತರಲೆ ಪ್ರಶ್ನೆ ಸದ್ಯಕ್ಕೆ ಬದಿಗಿರಲಿ. ಅದರ ನಾಯಕ ಗ್ಯಾರೆಟ್‌ನ ಬಳಿ ಬೀಗ ತೆಗೆಯುವ ಕಡ್ಡಿಗಳು, ಅಂದರೆ ಲಾಕ್‌ಪಿಕ್‌ಗಳು, ಎರಡು ಬಗೆಯವು ಇವೆ. ಒಂದು ಮುಂದೆ ಸಾಗದೆ ನಿಂತಾಗ ಇನ್ನೊಂದಕ್ಕೆ ಬದಲಿಸಬೇಕು, ಅಷ್ಟೇ. ಒಗಟು ಎನ್ನುವಷ್ಟು ದೊಡ್ಡದಲ್ಲ. ಆದರೆ ಅಷ್ಟು ಹೊತ್ತೂ ಸುತ್ತಲಿನ ಲೋಕ ನಡೆಯುತ್ತಲೇ ಇರುತ್ತದೆ. ಕಾವಲುಗಾರನ ಬೂಟಿನ ಸಪ್ಪಳ ಹತ್ತಿರ ಬರುತ್ತಿದೆ, ಬೀಗ ಇನ್ನೂ ಅರ್ಧದಲ್ಲಿದೆ. ನಿಲ್ಲುವುದೋ, ಕತ್ತಲಿಗೆ ಸರಿಯುವುದೋ? ಯಾವ ಅಂಕದ ಪಟ್ಟಿಯೂ ಈ ಎದೆಬಡಿತವನ್ನು ಕೊಡಲಾರದು.

ಇನ್ನು 2008ರ ‘ಫಾಲ್‌ಔಟ್ 3’. ಬೀಗಕ್ಕೆ ಒಂದು ಸ್ಕ್ರೂಡ್ರೈವರ್, ಒಂದು ಹೇರ್‌ಪಿನ್. ಪಿನ್ನನ್ನು ಯಾವ ಕೋನದಲ್ಲಿ ಹಿಡಿದರೆ ಬೀಗ ತಿರುಗೀತು ಎಂದು ಹುಡುಕಬೇಕು; ಜಾಗ ತಪ್ಪಿ ಬಲ ಹಾಕಿದರೆ ಪಿನ್ ಮುರಿಯುತ್ತದೆ. ನಿಜವಾದ ಬೀಗದಲ್ಲಿ ಪಿನ್ನುಗಳನ್ನು ಒಂದೊಂದಾಗಿ ಎತ್ತಬೇಕು, ಈ ಗೇಮಿನ ಬೀಗಕ್ಕೂ ಅದಕ್ಕೂ ಹೋಲಿಕೆ ಕಡಿಮೆ ಎಂದು ಬೀಗ ಬಲ್ಲವರು ನಗುತ್ತಾರೆ. ನಗಲಿ. ಹೆಚ್ಚು ಬಲ ಹಾಕಿದವನು ಕೆಡುತ್ತಾನೆ ಎಂಬ ಮುಖ್ಯ ಸತ್ಯವನ್ನು ಅದು ಬಿಟ್ಟಿಲ್ಲ.

ಅದೇ ಗೇಮಿನ ಹ್ಯಾಕಿಂಗ್ ಇನ್ನೂ ಸೊಗಸು. ಹಸಿರು ಅಕ್ಷರದ ಹಳೆಯ ಕಂಪ್ಯೂಟರ್ ಪರದೆ, ಅರ್ಥವಿಲ್ಲದ ಚಿಹ್ನೆಗಳ ರಾಶಿ, ನಡುವೆ ಅಲ್ಲಲ್ಲಿ ಒಂದೇ ಉದ್ದದ ಇಂಗ್ಲಿಷ್ ಪದಗಳು. ಅವುಗಳಲ್ಲೊಂದು ಪಾಸ್‌ವರ್ಡ್. ನಾಲ್ಕು ಪ್ರಯತ್ನಗಳಿವೆ. ತಪ್ಪು ಪದ ಆರಿಸಿದರೆ, ಎಷ್ಟು ಅಕ್ಷರಗಳು ಸರಿಯಾದ ಜಾಗದಲ್ಲಿವೆ ಎಂದು ಯಂತ್ರ ತಿಳಿಸುತ್ತದೆ. ಅದರಿಂದ ಉಳಿದ ಪದಗಳನ್ನು ಜರಡಿ ಹಿಡಿಯಬೇಕು. ಕಸದ ರಾಶಿಯಲ್ಲಿ ತೆರೆದು ಮುಚ್ಚಿದ ಕಂಸದ ಜೋಡಿಯೊಂದು ಕಣ್ಣಿಗೆ ಬಿದ್ದರೆ, ಅದನ್ನು ಒತ್ತಿ ತಪ್ಪು ಪದವೊಂದನ್ನು ಅಳಿಸಬಹುದು ಅಥವಾ ಕಳೆದ ಪ್ರಯತ್ನಗಳನ್ನು ಮರಳಿ ಪಡೆಯಬಹುದು. ಇಲ್ಲಿ ಪಾತ್ರವೂ ಪರದೆ ನೋಡುತ್ತಿದೆ, ನಾವೂ ಪರದೆ ನೋಡುತ್ತಿದ್ದೇವೆ. ಇಬ್ಬರ ತಲೆಯಲ್ಲೂ ಓಡುತ್ತಿರುವುದು ಒಂದೇ ಲೆಕ್ಕ. ಒಳಗೆ ಹೋದ ಮೇಲೆ ಸತ್ತವರ ಟಿಪ್ಪಣಿಗಳನ್ನು ಓದುವಾಗ, ಇವು ನನಗೆ ದಕ್ಕಿದವು, ಯಾರೋ ಕೊಟ್ಟವಲ್ಲ ಅನ್ನಿಸುತ್ತದೆ.

ನನ್ನ ಪಕ್ಷದ ಗಟ್ಟಿ ಸಾಕ್ಷಿ 2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’. ಕಥೆ ನಡೆಯುವುದು 1403ರ ಬೊಹೀಮಿಯಾದಲ್ಲಿ. ನಾಯಕ ಹೆನ್ರಿ ಕಮ್ಮಾರನ ಮಗ. ಕತ್ತಿವರಸೆಯೂ ಬಾರದು, ಅಕ್ಷರವೂ ಬಾರದು. ಬೀಗ ತೆಗೆಯುವುದನ್ನು ಅವನಿಗೆ ಕಲಿಸುವುದು ಒಬ್ಬ ಗಿರಣಿಯವನು. ಒಂದು ಕೈ ಬೀಗವನ್ನು ತಿರುಗಿಸುತ್ತಿರಬೇಕು, ಇನ್ನೊಂದು ಕೈ ತುದಿಯನ್ನು ಸರಿಯಾದ ಬಿಂದುವಿನ ಮೇಲೆಯೇ ಹಿಡಿದಿರಬೇಕು. ಮುರಿದರೆ ಸದ್ದಾಗುತ್ತದೆ, ಮನೆಯವರು ಏಳುತ್ತಾರೆ. ಬಿಡುಗಡೆಯಾದಾಗ ಕಂಟ್ರೋಲರ್ ಹಿಡಿದವರು ಇದು ಅಸಾಧ್ಯ ಎಂದು ಗೋಳಾಡಿದ್ದು, ತಯಾರಕರು ಆಮೇಲೆ ಅದನ್ನು ಸಡಿಲಿಸಿದ್ದು ಎರಡೂ ನಿಜ. ಆದರೂ ಈ ವಿನ್ಯಾಸದ ಉದ್ದೇಶ ಸರಿ: ಹೆನ್ರಿಯ ಅಂಕ ಏರಿದಂತೆ ಬೀಗ ಸುಲಭವಾಗುತ್ತದೆ, ಅದೇ ಹೊತ್ತಿಗೆ ನಮ್ಮ ಕೈಯೂ ಪಳಗುತ್ತದೆ. ಪಾತ್ರ ಬೇರೆ, ಆಟಗಾರ ಬೇರೆ ಎಂಬ ತಕರಾರು ಇಲ್ಲಿ ತಾನಾಗಿಯೇ ಕರಗುತ್ತದೆ.

ಇನ್ನೊಂದು ಮಾತು. 2000ದ ‘ಡಿಯಸ್ ಎಕ್ಸ್’ ಆಡಿದವರಿಗೆಲ್ಲ 0451 ಎಂಬ ಬಾಗಿಲ ಕೋಡ್ ನೆನಪಿದೆ. ಎರಡನೇ ಸಲ ಆಡುವಾಗ ಅದನ್ನು ಎಲ್ಲೂ ಹುಡುಕದೆ ನೇರ ಒತ್ತುತ್ತಾರೆ. ಅದು ಪಾತ್ರಕ್ಕೆ ತಿಳಿಯದ, ಆಟಗಾರನಿಗೆ ಮಾತ್ರ ತಿಳಿದ ಸಂಗತಿ. ಅದನ್ನು ಸಂತೋಷದಿಂದ ಬಳಸುವವರು ಮಿನಿಗೇಮ್ ಬಂದ ಕೂಡಲೇ ಪಾತ್ರದ ಶುದ್ಧಿಯ ಬಗ್ಗೆ ಮಾತಾಡುವುದು ನನಗೆ ಒಪ್ಪಿಗೆಯಿಲ್ಲ.

ವಿರೋಧ: ಅಂಕ ತೆತ್ತವರಿಗೆ ಮತ್ತೊಂದು ಪರೀಕ್ಷೆ ಏಕೆ?

ಮೇಲಿನ ವಾದದಲ್ಲಿ ಆರಿಸಿದ ಉದಾಹರಣೆಗಳು ಚೆನ್ನಾಗಿವೆ. ಆರಿಸದೆ ಬಿಟ್ಟವುಗಳತ್ತ ಬರೋಣ.

ಮೇಜಿನ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ಗೆ ಕಳ್ಳನ ಪಾತ್ರ ಬಂದದ್ದು 1975ರ ‘ಗ್ರೇಹಾಕ್’ ಪುರವಣಿಯಲ್ಲಿ. ಬೀಗ ತೆಗೆಯುವ ಸಾಧ್ಯತೆ ಶೇಕಡಾ ಲೆಕ್ಕದಲ್ಲಿತ್ತು, ಕಳ್ಳ ಪಳಗಿದಂತೆ ಅದು ಏರುತ್ತಿತ್ತು. ಮೇಜಿನ ಸುತ್ತ ಕುಳಿತವರಲ್ಲಿ ಯಾರ ಬೆರಳು ಚುರುಕು ಎಂಬ ಪ್ರಶ್ನೆಯೇ ಇರಲಿಲ್ಲ. 2002ರ ‘ಮಾರೋವಿಂಡ್’ ಕೂಡ ಇದೇ ದಾರಿಯಲ್ಲಿತ್ತು. 2006ರಲ್ಲಿ ಅದೇ ಸರಣಿಯ ‘ಒಬ್ಲಿವಿಯನ್’ ಬಂತು, ಜೊತೆಗೆ ಪಿನ್ನುಗಳನ್ನು ಎತ್ತಿ ನಿಲ್ಲಿಸುವ ಮಿನಿಗೇಮ್ ಬಂತು. ಪರಿಣತಿಯ ಅಂಕ ಹೆಚ್ಚಿದ್ದರೆ ಸಿಗುವ ಲಾಭವೆಂದರೆ, ಲಾಕ್‌ಪಿಕ್ ಮುರಿದಾಗ ಕಡಿಮೆ ಪಿನ್ನುಗಳು ಕೆಳಗೆ ಬೀಳುತ್ತವೆ. ಕಿವಿಗೊಟ್ಟು ಕೇಳಿ ಸರಿಯಾದ ಕ್ಷಣದಲ್ಲಿ ಒತ್ತಬಲ್ಲವನಿಗೆ ಅಂಕವೇ ಬೇಡ. ಭಾರದ ಕವಚ ತೊಟ್ಟ, ಜನ್ಮದಲ್ಲಿ ಬೀಗ ಮುಟ್ಟದ ಯೋಧನೂ ಅತಿ ಕಠಿಣ ಬೀಗ ತೆಗೆದು ಎದ್ದು ಹೋಗುತ್ತಾನೆ. 2011ರ ‘ಸ್ಕೈರಿಮ್’ನಲ್ಲಂತೂ ಒಂದು ಹಿಡಿ ಲಾಕ್‌ಪಿಕ್ ಇದ್ದರೆ ಮೊದಲ ದಿನವೇ ‘ಮಾಸ್ಟರ್’ ದರ್ಜೆಯ ಬೀಗಕ್ಕೆ ಕೈಹಾಕಬಹುದು. ಹಾಗಾದರೆ ಕಳ್ಳನ ಪಾತ್ರ ಕಟ್ಟಿದವನು ಆ ಪರಿಣತಿಗೆ ಸುರಿದ ಅಂಕಗಳು ಯಾರ ಸಂತೋಷಕ್ಕೆ?

ಕತ್ತಿಯ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಎಷ್ಟೇ ಚುರುಕಾಗಿ ಬಟನ್ ಒತ್ತಿದರೂ ಎಳೆಯ ಪಾತ್ರದ ತುಕ್ಕು ಕತ್ತಿಗೆ ಡ್ರ್ಯಾಗನ್ ಬೀಳುವುದಿಲ್ಲ. ಬೀಗ ಬೀಳುತ್ತದೆ.

‘ಫಾಲ್‌ಔಟ್ 3’ ಇದರ ಉಲ್ಟಾ ತಪ್ಪು ಮಾಡಿದೆ. ಅಲ್ಲಿ ಬೀಗದ ದರ್ಜೆಗೆ ತಕ್ಕಂತೆ 25, 50, 75, 100 ಅಂಕ ಬೇಕೇ ಬೇಕು. ಇಲ್ಲದಿದ್ದರೆ ಮುಟ್ಟಲೂ ಬಿಡುವುದಿಲ್ಲ. ಸರಿ, ನೂರು ತೆತ್ತೆವು. ಆಮೇಲಾದರೂ ಬಾಗಿಲು ತೆರೆಯುತ್ತದೆಯೇ? ಇಲ್ಲ, ಮತ್ತೆ ಹೇರ್‌ಪಿನ್ ತಿರುಗಿಸುತ್ತ ಕೂರಬೇಕು. ಟೋಲ್ ಕಟ್ಟಿದವನನ್ನು ಮುಂದೆ ನಿಲ್ಲಿಸಿ ಡ್ರೈವಿಂಗ್ ಪರೀಕ್ಷೆ ಮಾಡಿದ ಹಾಗಾಯಿತು. ಹ್ಯಾಕಿಂಗ್‌ನ ನಾಲ್ಕು ಪ್ರಯತ್ನಗಳ ಅಪಾಯವೂ ಹುಸಿ: ಮೂರು ಸಲ ತಪ್ಪಿದ ಮೇಲೆ ಎದ್ದು, ಮತ್ತೆ ಕೂತರೆ ನಾಲ್ಕೂ ವಾಪಸ್ಸು. ಆಡುವವರೆಲ್ಲ ಮಾಡುವುದು ಇದನ್ನೇ.

2007ರ ‘ಬಯೋಶಾಕ್’ನಲ್ಲಿ ಯಂತ್ರವನ್ನು ಹ್ಯಾಕ್ ಮಾಡುವುದೆಂದರೆ ಪೈಪುಗಳನ್ನು ಜೋಡಿಸಿ ದ್ರವ ಹರಿಸುವುದು. ಅಷ್ಟು ಹೊತ್ತು ಸುತ್ತಲಿನ ಗುಂಡಿನ ಕಾಳಗ ಸ್ತಬ್ಧ. ‘ಥೀಫ್’ನ ಬೂಟಿನ ಸಪ್ಪಳವನ್ನು ಹೊಗಳಿದವರು ಇದನ್ನೇಕೆ ಮರೆತರು? 2010ರ ಎರಡನೇ ಭಾಗದಲ್ಲಿ ಪೈಪು ಹೋಗಿ, ಲೋಕ ನಿಲ್ಲದೆ ನಡೆಯುವಾಗಲೇ ಆಡುವ ಚಿಕ್ಕ ಮುಳ್ಳಿನ ಆಟ ಬಂತು. 2013ರ ಮೂರನೆಯದರಲ್ಲಿ ಬೀಗಗಳನ್ನು ಜೊತೆಗಾತಿ ಎಲಿಜಬೆತ್ ತೆಗೆಯುತ್ತಾಳೆ. ‘ಮಾಸ್ ಎಫೆಕ್ಟ್’ನ ಕಥೆಯೂ ಅದೇ: ಮೊದಲೆರಡು ಭಾಗಗಳಲ್ಲಿ ಬೇರೆ ಬೇರೆ ಮಿನಿಗೇಮ್ ಪ್ರಯೋಗಿಸಿ, 2012ರ ಮೂರನೆಯದರಲ್ಲಿ ಕೈಬಿಟ್ಟರು. 2019ರ ‘ದಿ ಔಟರ್ ವರ್ಲ್ಡ್ಸ್’ ಶುರುವಿನಿಂದಲೇ ಅಂಕ ಮತ್ತು ಸಲಕರಣೆಯ ಲೆಕ್ಕಕ್ಕೆ ಬಿಟ್ಟಿತು. ಮಾಡಿ ನೋಡಿದವರೇ ಬಿಡುತ್ತಿದ್ದಾರೆ.

‘ಒಬ್ಲಿವಿಯನ್’, ‘ಸ್ಕೈರಿಮ್’ ಎರಡರಲ್ಲೂ ಎಂದೂ ಮುರಿಯದ ‘ಸ್ಕೆಲಿಟನ್ ಕೀ’ ಸಿಗುತ್ತದೆ. ಆಟಗಾರರಿಗೆ ಅದರ ಮೇಲೆ ಎಂಥ ಆಸೆಯೆಂದರೆ, ‘ಸ್ಕೈರಿಮ್’ನಲ್ಲಿ ಅದನ್ನು ದೇವತೆಗೆ ಹಿಂದಿರುಗಿಸಬೇಕಾದ ಕಥಾಭಾಗವನ್ನೇ ಮುಂದೂಡುತ್ತಾರೆ. ಮಿನಿಗೇಮಿನ ಕಾಟ ತಪ್ಪಿಸುವ ವಸ್ತುವೇ ಆ ಗೇಮಿನ ದೊಡ್ಡ ಬಹುಮಾನ!

ನನಗೆ ಎಲ್ಲಕ್ಕಿಂತ ಕಿರಿಕಿರಿ ತಂದದ್ದು 2011ರ ‘ಡಿಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’. ಹ್ಯಾಕಿಂಗ್ ಒಗಟಾಗಿ ಅದು ಒಳ್ಳೆಯದು. ಗಂಟಿನಿಂದ ಗಂಟಿಗೆ ಜಾಲ ಹಿಡಿಯುತ್ತ ಹೋಗುವಾಗ ಎದುರಾಳಿ ವ್ಯವಸ್ಥೆ ಬೆನ್ನಟ್ಟುತ್ತದೆ. ಆದರೆ ಹ್ಯಾಕ್ ಮಾಡಿದರೆ ಅನುಭವದ ಅಂಕ ಸಿಗುತ್ತದೆ, ಇಮೇಲ್ ಓದಿ ಕಂಡುಕೊಂಡ ಕೋಡ್ ಒತ್ತಿದರೆ ಸಿಗುವುದಿಲ್ಲ. ಹೀಗಾಗಿ ಕೋಡ್ ಕೈಯಲ್ಲಿದ್ದವರೂ ಹ್ಯಾಕ್ ಮಾಡುತ್ತ ಕೂತರು. ಓದಿ, ಹುಡುಕಿ, ಯೋಚಿಸಿದ ಪತ್ತೇದಾರನಿಗೆ ದಂಡ!

0451 ಬಳಸುವುದು ನನಗೂ ಇಷ್ಟ. ಅದನ್ನು ಒಂದೇ ಸಲ ಒತ್ತುತ್ತೇವೆ. ಮಿನಿಗೇಮ್ ನೂರಾರು ಸಲ ಎದುರಾಗುತ್ತದೆ, ಬಹಳ ಸಲ ನಾಲ್ಕು ಗುಂಡು, ಒಂದಿಷ್ಟು ಚಿಲ್ಲರೆಗಾಗಿ. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಅದು ಆಟವೇ ಅಲ್ಲ, ಗೋಡೆ.

ದಾಳದಲ್ಲಿ ಎದೆಬಡಿತವಿಲ್ಲ ಎನ್ನುವವರು 2023ರ ‘ಬಾಲ್ಡರ್ಸ್ ಗೇಟ್ 3’ ಆಡಲಿ. ಪರದೆಯ ನಡುವೆ ಇಪ್ಪತ್ತು ಮುಖದ ದಾಳ ಉರುಳುತ್ತದೆ, ಕಳ್ಳನ ಪರಿಣತಿ ಅದಕ್ಕೆ ಕೂಡುತ್ತದೆ, ಸೋತರೆ ಸಲಕರಣೆ ಹಾಳು. ಬೇಡವೆಂದರೆ ಪೆಟ್ಟಿಗೆ ಒಡೆಯಿರಿ, ಇಲ್ಲವೇ ಮಂತ್ರ ಹಾಕಿ. ಆ ವರ್ಷ ‘ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿ ಪಡೆದದ್ದು ಅದೇ.

ಗೇಮ್ ತಯಾರಿಸುವವರಲ್ಲಿ ಕೋರಿಕೆ ಇಷ್ಟೇ: ಮಿನಿಗೇಮ್ ಬಿಡಲು ಮನಸ್ಸು ಬಾರದಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಪೂರ್ತಿ ಆಫ್ ಮಾಡುವ ಆಯ್ಕೆ ಕೊಡಿ, ಆಗ ಪಾತ್ರದ ಅಂಕವೇ ತೀರ್ಪು ಹೇಳಲಿ.