ಹುತ್ತ ಯಾರದು, ಹಾವು ಯಾರು?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಆ ಹಿರಿಯರು ಈಗ ಇದ್ದಿದ್ದರೆ "ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು" ಎಂದು ಮೂರನೆಯದೊಂದನ್ನೂ ಸೇರಿಸುತ್ತಿದ್ದರೇನೋ! ಇದನ್ನು ನಗೆಗಾಗಿ ಹೇಳುತ್ತಿಲ್ಲ. ನನ್ನ ಸೋದರತ್ತೆಯ ಮನೆಯ ಬಾಗಿಲಲ್ಲಿ ಕಂಡುದನ್ನು ಹೇಳುತ್ತಿದ್ದೇನೆ.

ಮಾವ ಗಾರೆ ಕೆಲಸದವರು. ಬೇರೆಯವರ ಗೋಡೆಗಳನ್ನೆಬ್ಬಿಸಿದ ಕೂಲಿಯಲ್ಲಿ ಅಷ್ಟಿಷ್ಟು ಉಳಿಸಿ, ತಾಲ್ಲೂಕು ಊರಿನಲ್ಲಿ ಎರಡು ಕೋಣೆಯ ಮನೆಯೊಂದನ್ನು ಕಟ್ಟಿದರು. ಅವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಹಳ್ಳಿಗೆ ಬಂದು ನಮ್ಮೊಡನೆ ನಿಂತರು. ಮನೆಯನ್ನು ತಿಂಗಳಿಗೆ 1,500 ರೂಪಾಯಿಯಂತೆ ಪರಿಚಿತರೊಬ್ಬರಿಗೆ ಕೊಟ್ಟರು. ಕರಾರುಪತ್ರವಿಲ್ಲ, ಬರಿಯ ಬಾಯಿಮಾತು. ಒಂದು ವರ್ಷ ಬಾಡಿಗೆ ಬಂತು, ಆಮೇಲೆ ನಿಂತಿತು. ಮನೆ ಬಿಡಿ ಎಂದು ಕೇಳಲು ಹೋದ ಅತ್ತೆಗೆ ಸಿಕ್ಕ ಉತ್ತರ: "ಹನ್ನೆರಡು ವರ್ಷ ಆಗಲಿ, ಆಮೇಲೆ ಮನೆ ಯಾರದು ಅಂತ ನೋಡೋಣ."

ಅಂದು ಸಂಜೆ ಅತ್ತೆ ಮನೆಯ ಪತ್ರಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟರು. "ನೀನು ಬಿ.ಎ. ಓದ್ತಿದ್ದೀಯಲ್ಲ ಮಗಾ, ಇದರಲ್ಲಿ ಏನೈತೆ ಓದಿ ಹೇಳು" ಎಂದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆ ಗಳಿಗೆಯಲ್ಲಿ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ನಾನು ಓದಿದ ಇತಿಹಾಸದಲ್ಲಾಗಲಿ ಅರ್ಥಶಾಸ್ತ್ರದಲ್ಲಾಗಲಿ ಅತ್ತೆಯ ಪ್ರಶ್ನೆಗೆ ಉತ್ತರವಿರಲಿಲ್ಲ. ಆಮೇಲೆ ಗ್ರಂಥಾಲಯದಲ್ಲಿ ಹುಡುಕಿ, ವಕೀಲರೊಬ್ಬರ ಬಳಿ ಕುಳಿತು ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹನ್ನೆರಡು ವರ್ಷದ ಮಾತು ಪೂರ್ತಿ ಸುಳ್ಳಲ್ಲ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಒಬ್ಬನ ಸ್ವತ್ತನ್ನು ಇನ್ನೊಬ್ಬನು ಅವನ ಹಕ್ಕನ್ನು ಧಿಕ್ಕರಿಸಿ, ಬಹಿರಂಗವಾಗಿ, ಎಡೆಬಿಡದೆ ಅನುಭವಿಸುತ್ತಿದ್ದು, ಒಡೆಯನು 12 ವರ್ಷ ದಾವೆ ಹೂಡದಿದ್ದರೆ ಅವನ ಹಕ್ಕು ಅಳಿಯುತ್ತದೆ. ಸರಕಾರದ ಸ್ವತ್ತಿಗೆ ಈ ಅವಧಿ 30 ವರ್ಷ. ಇದನ್ನೇ ಪ್ರತಿಕೂಲ ಸ್ವಾಧೀನ ಎನ್ನುವುದು. ಆದರೆ ಒಡೆಯನ ಒಪ್ಪಿಗೆಯಿಂದ ಒಳಗೆ ಬಂದವನಿಗೆ ಇದು ಸಲ್ಲದು. ಬಾಡಿಗೆದಾರನು ಬಾಡಿಗೆದಾರನಾಗಿಯೇ ಇರುವವರೆಗೆ ಎಷ್ಟು ವರ್ಷ ಕಳೆದರೂ ಮನೆ ಅವನದಾಗದು. ಸಹೋದರಿಯ ಮನೆಯನ್ನು ನೋಡಿಕೊಂಡಿದ್ದ ಸಹೋದರನೊಬ್ಬನ ಗೋವೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ಕಾವಲಿಗಿದ್ದವನು ಎಷ್ಟು ಕಾಲವಿದ್ದರೂ ಒಡೆಯನಾಗಲಾರನೆಂದು ಸ್ಪಷ್ಟವಾಗಿ ಹೇಳಿದೆ. ಅತ್ತೆಯನ್ನು ಹೆದರಿಸಿದ್ದು ಕಾನೂನಲ್ಲ. ಕಾನೂನಿನ ಹೆಸರು ಹೊತ್ತ ಬೆದರುಗೊಂಬೆ.

ಇದನ್ನು ಕೇಳಿ ನನ್ನ ಚಿಕ್ಕಪ್ಪನ ಮಕ್ಕಳು ಹುರುಪುಗೊಂಡರು. "ನಡಿ, ಪಾತ್ರೆಪಗಡೆ ಬೀದಿಗೆ ಹಾಕಿ ಬೀಗ ಜಡಿಯೋಣ" ಎಂದರು. ನಿಜ ಹೇಳಬೇಕೆಂದರೆ ನನ್ನ ಕೈಯೂ ತುರಿಸಿತು. ತಡೆದವರು ವಕೀಲರು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಂತೆ, ಬಲಾತ್ಕಾರವಾಗಿ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿದರೆ, ಮನೆ ಯಾರದೆಂದು ಕೇಳದೆಯೇ ನ್ಯಾಯಾಲಯವು ಅವನನ್ನು ಮತ್ತೆ ಒಳಗೆ ಕೂರಿಸಬಹುದು! ಹಾಸ್ಟೆಲಿನಲ್ಲಿ ಈ ವಿಷಯ ತೆಗೆದಾಗ ಮಿತ್ರನೊಬ್ಬನು, "ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು, ನಿನ್ನ ಕಾನೂನು ಆ ಹಾವಿಗೇ ಹಾಲೆರೆಯುತ್ತಿದೆ" ಎಂದನು. ಕೂತಿದ್ದವರೆಲ್ಲ ಹೌದೆಂದರು. ನಾನು ಹೌದೆನ್ನಲಾರದೆ ಹೋದೆ. ಕಾರಣವನ್ನು ಅಂದು ಹೇಳಲು ಸಂಕೋಚವಾಯಿತು, ಇಂದು ಬರೆಯುತ್ತೇನೆ.

ನಾನು ಹುಟ್ಟಿದ ಮನೆ ನಮ್ಮದಲ್ಲ. ಕೂಲಿ ಅರಸಿ ಬಂದ ನನ್ನ ಅಜ್ಜ ಊರ ಹೊರಗಿನ ಸರಕಾರಿ ಜಾಗದಲ್ಲಿ ಗುಡಿಸಲು ಹಾಕಿದರು. ತಂದೆ ಅದಕ್ಕೆ ಮಣ್ಣಿನ ಗೋಡೆಯೆತ್ತಿ ಹೆಂಚು ಹೊದಿಸಿದರು. ಇಂಥ ವಾಸದ ಮನೆಗಳನ್ನು ಸಕ್ರಮ ಮಾಡಲು ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ 94ಸಿ ಎಂಬ ಕಲಮಿದೆ. ಅದರಂತೆ ಅರ್ಜಿ ಹಾಕಿದ್ದೇವೆ, ಹಕ್ಕುಪತ್ರ ಇನ್ನೂ ಬಂದಿಲ್ಲ. ಒಮ್ಮೆ ಸರಪಳಿ ಹಿಡಿದು ಅಳತೆಯವರು ಬಂದಾಗ ನನ್ನ ತಾಯಿ ಒಲೆಯ ಮುಂದಿನಿಂದ ಏಳಲೇ ಇಲ್ಲ. ಎದ್ದರೆ ಮತ್ತೆ ಕೂರಲು ಜಾಗವಿರುವುದೋ ಇಲ್ಲವೋ ಎಂಬ ಅಂಜಿಕೆ. ಹಾಗಾದರೆ ಹಾವು ಯಾರು? ಕಾಗದದ ಮಟ್ಟಿಗೆ ನೋಡಿದರೆ, ನಾವೇ!

ಯಾವ ಕಾನೂನು ಅತ್ತೆಯ ಕೈ ಕಟ್ಟಿದೆಯೋ, ಅದರ ಹಿಂದಿರುವ ತತ್ತ್ವವೇ ನನ್ನ ತಾಯಿಯ ಒಲೆಯನ್ನೂ ಕಾಯುತ್ತಿದೆ. ಮುಂಬಯಿಯ ಕಾಲುದಾರಿ ನಿವಾಸಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ, ಜೀವನೋಪಾಯದ ಹಕ್ಕು ಬದುಕುವ ಹಕ್ಕಿನಲ್ಲೇ ಅಡಗಿದೆಯೆಂದಿತು. ಕಾಲುದಾರಿಯನ್ನು ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿತು. ಎಬ್ಬಿಸಬಹುದು, ಆದರೆ ನ್ಯಾಯವಾದ ಕ್ರಮದಿಂದ ಎಬ್ಬಿಸಬೇಕು. ತೋಳ್ಬಲದಿಂದ ಎಬ್ಬಿಸಬಹುದೆಂದು ಒಮ್ಮೆ ಒಪ್ಪಿಕೊಂಡರೆ, ತೋಳು ಯಾರದು ದೊಡ್ಡದು? ಅತ್ತೆಯದಂತೂ ಅಲ್ಲ, ನಮ್ಮದೂ ಅಲ್ಲ.

ಆದುದರಿಂದ ಈ ತತ್ತ್ವ ಉಳಿಯಲೇಬೇಕೆಂಬುದು ನನ್ನ ಅಭಿಪ್ರಾಯ. ದೋಷವಿರುವುದು ವಿಳಂಬದಲ್ಲಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು, ಅದು ಅನ್ವಯಿಸುವ ಊರುಗಳಲ್ಲಿ, ತನ್ನ ವಾಸಕ್ಕೆ ಮನೆ ಬೇಕಾದ ವಿಧವೆಗೆ ಅದನ್ನು ತಕ್ಷಣ ಮರಳಿ ಪಡೆಯುವ ವಿಶೇಷ ಹಕ್ಕನ್ನೇ ಕೊಟ್ಟಿದೆ. 'ತಕ್ಷಣ' ಎಂಬ ಆ ಮಾತನ್ನು ಓದಿದಾಗ ನನಗೆ ಅತ್ತೆಯ ನೆನಪಾಯಿತು. ದಾವೆ ಹೂಡಿ ಎರಡು ವರ್ಷವಾಯಿತು. ವಾಯಿದೆಯ ದಿನ ಅವರು ಮೊದಲ ಬಸ್ಸಿಗೆ ಹೊರಟು, ಬುತ್ತಿ ಕಟ್ಟಿಕೊಂಡು, ಕೂಲಿ ಕಳೆದುಕೊಂಡು ಕೋರ್ಟಿನ ಜಗುಲಿಯಲ್ಲಿ ನಿಲ್ಲುತ್ತಾರೆ. ಮುಂದಿನ ವಾಯಿದೆಯ ತಾರೀಖು ಕೇಳಿಕೊಂಡು ಕೊನೆಯ ಬಸ್ಸಿಗೆ ಮರಳುತ್ತಾರೆ. "ಕೈ ಎತ್ತಬೇಡ, ನನ್ನ ಬಳಿಗೆ ಬಾ" ಎಂದು ಹೇಳುವ ಸರಕಾರ, ಬಂದವರನ್ನು ಹೀಗೆ ನಿಲ್ಲಿಸಬಾರದು. ಇರುವುದೊಂದೇ ಮನೆಯಾದವರ ದಾವೆಗೆ ಇಷ್ಟೇ ತಿಂಗಳೆಂದು ಗಡುವಿರಲಿ. ಆ ಗಡುವು ನಡೆಯುವಂತೆ ಬೇಕಾದಷ್ಟು ನ್ಯಾಯಾಧೀಶರೂ ಇರಲಿ.

ಹನ್ನೆರಡು ವರ್ಷದ ನಿಯಮದ ಬಗ್ಗೆಯೂ ಒಂದು ಮಾತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಇದನ್ನು ತರ್ಕಕ್ಕೆ ನಿಲ್ಲದ ಕಾನೂನೆಂದು ಟೀಕಿಸಿತ್ತು. 2023ರಲ್ಲಿ ಕಾನೂನು ಆಯೋಗವು ತನ್ನ 280ನೆಯ ವರದಿಯಲ್ಲಿ ಬದಲಾವಣೆ ಬೇಕಿಲ್ಲವೆಂದಿತು. ನಮಗೆ ಈ ಕಾನೂನನ್ನು ಕಲಿಸಿದ ಇಂಗ್ಲೆಂಡೇ 2002ರ ಕಾಯ್ದೆಯಿಂದ ಅದನ್ನು ತಿದ್ದಿಕೊಂಡಿದೆ. ಅಲ್ಲಿ ನೋಂದಾಯಿತ ಸ್ವತ್ತಿನ ಮೇಲೆ ಹತ್ತು ವರ್ಷ ಕುಳಿತವನು ಹಕ್ಕು ಕೇಳಿದರೆ, ಮೊದಲು ಒಡೆಯನಿಗೆ ತಿಳುವಳಿಕೆ ಪತ್ರ ಹೋಗುತ್ತದೆ. ಓದುಬರಹವಿಲ್ಲದ ಒಡೆಯರು ಹೆಚ್ಚಾಗಿರುವ ನಮ್ಮಲ್ಲಿ ಅಂಥ ಏರ್ಪಾಡು ಇನ್ನೂ ಅಗತ್ಯವೆಂದು ನನಗೆ ತೋರುತ್ತದೆ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಬಹುಮಂದಿ ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಂಡವರು. ಈ ರಜೆಯಲ್ಲಿ ಊರಿಗೆ ಹೋದಾಗ ಪೆಟ್ಟಿಗೆಯ ತಳದಲ್ಲಿರುವ ಕಾಗದಗಳನ್ನು ಹೊರತೆಗೆದು ಮನೆಯವರಿಗೆ ಓದಿ ಹೇಳಿರಿ. ಬಾಡಿಗೆಗೆ ಕೊಟ್ಟವರಿದ್ದರೆ ಒಂದು ಕರಾರುಪತ್ರ ಬರೆಸಿಕೊಡಿರಿ. ಬಾಡಿಗೆ ಕೊಡುವವರಿದ್ದರೆ ರಸೀದಿ ಕೇಳಿ ಪಡೆಯಲು ಹೇಳಿರಿ. ನಮ್ಮ ಮನೆಯಲ್ಲಿ ಒಂದು ಹಾಳೆಯಷ್ಟು ಬರೆಹವಿದ್ದಿದ್ದರೆ ಅತ್ತೆಯ ಅರ್ಧ ಅಲೆದಾಟ ತಪ್ಪುತ್ತಿತ್ತು.

ಮುಂದಿನ ವಾಯಿದೆ ನನ್ನ ಪರೀಕ್ಷೆಯ ಹಿಂದಿನ ದಿನವೇ ಬಿದ್ದಿದೆ. ಅತ್ತೆ ಬರಬೇಡವೆಂದಿದ್ದಾರೆ. ಪುಸ್ತಕ ಹಿಡಿದುಕೊಂಡು ಹೋಗಬೇಕೆಂದಿದ್ದೇನೆ. ಜಗುಲಿಯಲ್ಲಿ ಓದಲು ಬೇಕಾದಷ್ಟು ಸಮಯ ಸಿಗುತ್ತದೆ.