ಅಜ್ಜನ ಕಟ್ಟೆ: ಮಾತಿನ ತೂಕ



ಕಳೆದ ಭಾನುವಾರ ರಾಣೆಬೆನ್ನೂರಿನಿಂದ ಮೊಮ್ಮಗನ ಫೋನು ಬಂತು. ಅವನಿಗೆ ಒಂಬತ್ತು ವರ್ಷ. “ಅಜ್ಜಾ, ಸಂಡೇ ಸ್ಕೂಲಿನಾಗ ಅಕ್ಕಾರು, ನೀವೆಲ್ಲಾ ಯೇಸುಸ್ವಾಮಿಗೆ ಸಾಕ್ಷಿ ಆಗಬೇಕು ಅಂದ್ರು. ಸಾಕ್ಷಿ ಅಂದ್ರ ಕೋರ್ಟಿನಾಗ ನಿಂದರೋದು ಅಲ್ಲೇನು? ನಾ ಯಾವ ಕೋರ್ಟಿಗೆ ಹೋಗ್ಲಿ?”

ನನಗೆ ನಗು ಬಂತು. ಆದರೆ ಅವನಿಗೆ ಉತ್ತರವಾಗಿ ಹೇಳಿದ್ದು ನಗುವ ಕಥೆಯಲ್ಲ. ನಾನೇ ಮಾಡಿದ ಒಂದು ತಪ್ಪಿನ ಕಥೆ.

ನಮ್ಮ ಹಳ್ಳಿ ಬ್ಯಾಡಗಿ ಸೀಮೆಯದು. ಬ್ಯಾಡಗಿ ಮೆಣಸಿನಕಾಯಿ ನಿಮಗೆಲ್ಲ ಗೊತ್ತು. ಕಡುಗೆಂಪು ಬಣ್ಣ, ಮೈತುಂಬ ನೆರಿಗೆ, ಖಾರ ಮಾತ್ರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಾನು ಐದನೇ ಇಯತ್ತೆಯಲ್ಲಿದ್ದಾಗ ನಮ್ಮ ಹೊಲದ ಕಾಯಿ ಕಣದಲ್ಲಿ ಒಣಗಿ, ಚೀಲ ತುಂಬಿ, ಪೇಟೆಗೆ ಹೊರಡಲು ಸಿದ್ಧವಾಗಿತ್ತು. ಆ ದುಡ್ಡಿನಲ್ಲೇ ಅಕ್ಕನ ಶಾಲೆಯ ಫೀಸು ಕಟ್ಟಬೇಕಿತ್ತು. ದುಡ್ಡು ಸಾಲದೇನೋ ಎಂದು ಅವ್ವ ರಾತ್ರಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಪಕ್ಕದ ಮನೆಯ ಕಾಕಾ ಹಿಂದಿನ ದಿನ ಒಂದು ಉಪಾಯ ಹೇಳಿದ್ದರು. “ಸ್ವಲ್ಪ ನೀರು ಚಿಮುಕಿಸಿದ್ರ ಕಾಯಿ ಮುರಿಯೂದಿಲ್ಲ, ತೂಕಾನೂ ಬರತೈತಿ. ಎಲ್ಲಾರೂ ಮಾಡ್ತಾರ.” ಎಲ್ಲರೂ ಮಲಗಿದ ಮೇಲೆ ನಾನು ಕೊಡದ ನೀರು ತಂದು, ಚೀಲದ ಬಾಯಿ ಬಿಚ್ಚಿ ಚಿಮುಕಿಸಿದೆ. ಅಕ್ಕನಿಗೆ ಒಳ್ಳೆಯದು ಮಾಡಿದೆ ಎಂದುಕೊಂಡೇ ಮಲಗಿದೆ.

ಬೆಳಗಿನ ಜಾವ ಅಪ್ಪ ಎತ್ತು ಹೂಡಿ, ಚೀಲ ಎತ್ತುವ ಮುನ್ನ ಒಳಗೆ ಕೈ ಹಾಕಿದರು. ಅಲ್ಲೇ ನಿಂತರು. “ಇದು ತೇವ ಹೆಂಗ ಆತು?” ಎಂದರು. ನಾನು ಇಬ್ಬನಿ ಬಿದ್ದಿರಬೇಕು ಎಂದೆ. ಕಟ್ಟಿದ ಚೀಲದೊಳಗೆ ಇಬ್ಬನಿ!

ಅಪ್ಪ ಬೈಯಲಿಲ್ಲ. ಎತ್ತುಗಳ ಕೊರಳು ಬಿಚ್ಚಿದರು. ಚೀಲಗಳನ್ನೆಲ್ಲ ಕಣದಲ್ಲಿ ಸುರಿದು ಮತ್ತೆ ಬಿಸಿಲಿಗೆ ಹರವಿದರು. ಆ ದಿನದ ಪೇಟೆ ತಪ್ಪಿತು. ಮುಂದಿನ ಪೇಟೆಯ ಹೊತ್ತಿಗೆ ದರ ಇಳಿದಿತ್ತು. ಫೀಸು ತಡವಾಗಿ, ಅಕ್ಕ ಮೂರು ದಿನ ತರಗತಿಯ ಹೊರಗೆ ನಿಂತಳು. ಅವಳು ಅತ್ತು ಬಂದ ಸಂಜೆ ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಅಪ್ಪ ನನ್ನನ್ನು ಹತ್ತಿರ ಕೂಡಿಸಿಕೊಂಡರು. “ತೇವದ ಕಾಯಿಗೆ ಬೂಸ್ಟು ಬರತೈತಿ ತಮ್ಮಾ. ಕೊಂಡವರ ರಾಶಿನೂ ಕೆಡತೈತಿ, ತಿಂದವರ ಹೊಟ್ಟಿನೂ ಕೆಡತೈತಿ. ನೀರು ಹಾಕಿದ್ರ ಚೀಲದ ತೂಕ ಹೆಚ್ಚಾಗತೈತಿ, ನಮ್ಮ ಮಾತಿನ ತೂಕ ಕಡಿಮಿ ಆಗತೈತಿ” ಎಂದರು. ಆ ರಾತ್ರಿಯ ಪ್ರಾರ್ಥನೆಯಲ್ಲಿ ನನ್ನ ತಪ್ಪಿನ ಸುದ್ದಿ ಎತ್ತಲಿಲ್ಲ. ಅಕ್ಕನ ಫೀಸಿಗಾಗಿ ಮಾತ್ರ ಬೇಡಿಕೊಂಡರು.

ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಎರಡೋ ಮೂರೋ. ಅಪ್ಪ ಯಾರಿಗೂ ಉಪದೇಶ ಮಾಡಿದ್ದನ್ನು ನಾನು ಕಾಣೆ. ಆದರೆ ಊರಿನಲ್ಲಿ ತಕ್ಕಡಿಯ ಜಗಳವಾದರೆ, ಬದುವಿನ ತಂಟೆಯಾದರೆ, ಲಿಂಗಾಯತರೂ ಮುಸಲ್ಮಾನರೂ ಅಪ್ಪನನ್ನೇ ಕರೆಯುತ್ತಿದ್ದರು. ಯಾತಕ್ಕೆ ಗೊತ್ತೇ? ಸಾಕ್ಷಿಗೆ! ಆ ಪಕ್ಕದ ಮನೆಯ ಕಾಕಾ ಕೂಡ ಒಮ್ಮೆ ಕರೆದರು.

ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸುವಾಗ ತನ್ನ ಶಿಷ್ಯರನ್ನು ಉಪ್ಪಿಗೆ ಹೋಲಿಸಿದನು. ಉಪ್ಪು ಅಡಿಗೆಯಲ್ಲಿ ಕಾಣುವುದಿಲ್ಲ, ಇಲ್ಲದಿದ್ದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಸೀಮೆಯವನಾದ ನಾನು ಅದಕ್ಕೆ ಬ್ಯಾಡಗಿ ಕಾಯಿಯನ್ನೂ ಸೇರಿಸುತ್ತೇನೆ. ಅದು ಇಡೀ ಸಾರಿಗೆ ಬಣ್ಣ ಕೊಡುತ್ತದೆ, ಯಾರ ಬಾಯನ್ನೂ ಸುಡುವುದಿಲ್ಲ. ನಂಬಿಕೆಯೂ ಹಾಗಿರಬೇಕು. ನಮ್ಮ ಶರಣರು ಕಾಯಕ ಎಂದು ಕಲಿಸಿದ್ದೂ ಇದಕ್ಕೆ ದೂರದ್ದಲ್ಲ.

ಇನ್ನೊಬ್ಬರನ್ನು ನೋಡಿ. ಬಾಸೆಲ್ ಮಿಷನ್ನಿನ ಪಾದ್ರಿ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದು, ಮೊದಲಿಗೆ ಧಾರವಾಡ ಸೀಮೆಯಲ್ಲಿದ್ದು ಕನ್ನಡ ಕಲಿತರು. ನಮ್ಮ ಹಾವೇರಿಯೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತು. ಹಲವು ವರ್ಷ ದುಡಿದು ಅವರು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ, ಜೊತೆಗೆ ಎಷ್ಟೋ ಗಾದೆಗಳಿವೆ. ಇಂದಿಗೂ ಎಲ್ಲ ಮತದವರೂ ಅದನ್ನು ತೆರೆದು ನೋಡುತ್ತಾರೆ. ಒಂದೊಂದು ಪದವನ್ನೂ ಶ್ರದ್ಧೆಯಿಂದ ತೂಗಿದ್ದೇ ಅವರು ನಮಗೆ ಬಿಟ್ಟುಹೋದ ಸಾಕ್ಷಿ.

ಇಷ್ಟು ಕೇಳಿ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, “ಅಜ್ಜಾ, ನಿನ್ನೆ ಅಂಗಡಿಯವ್ರು ಹತ್ತು ರೂಪಾಯಿ ಹೆಚ್ಚಿಗಿ ಕೊಟ್ಟಾರ. ನಾ ಕಂಪಾಸಿನಾಗ ಇಟ್ಕೊಂಡೀನಿ” ಎಂದ.

“ಹಂಗಾದ್ರ ನಿನ್ನ ಕೋರ್ಟು ಆ ಅಂಗಡೀನೇ” ಎಂದೆ. ಫೋನು ಇಡದೆಯೇ ಓಡಿದ ಸದ್ದು ಕೇಳಿಸಿತು.

ಮಕ್ಕಳೇ, ಈ ವಾರ ನಿಮ್ಮ ಅಜ್ಜ ಅಜ್ಜಿಯರ ಹತ್ತಿರ ಕುಳಿತು, ಅವರು ಚಿಕ್ಕವರಿದ್ದಾಗ ಮಾಡಿ ಒಪ್ಪಿಕೊಂಡ ಒಂದು ತಪ್ಪನ್ನು ಕೇಳಿರಿ. ಹಿರಿಯರೇ, ನಾಚದೆ ಹೇಳಿರಿ. ಮುಂದಿನ ವಾರ ಕಟ್ಟೆಯ ಮೇಲೆ ಮತ್ತೆ ಸೇರೋಣ.